ಎರಡು ರಾತ್ರಿ, ಎರಡರಲ್ಲೂ 34: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,
ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ,

ನಮಸ್ಕಾರ.

ಇಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳು ಒಬ್ಬರ ಇಲಾಖೆಗೆ, ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳು ಇನ್ನೊಬ್ಬರ ಇಲಾಖೆಗೆ. ವಾರ್ಡಿನ ಕಷ್ಟ ಮಾತ್ರ ಎರಡೂ ಕಡೆ ಒಂದೇ. ಕೇಳುವುದೂ ಒಂದೇ: ರೋಗಿಗಳ ತಲೆ ಎಣಿಸಿ ಅಲ್ಲ, ಅವರಿಗೆ ಎಷ್ಟು ಆರೈಕೆ ಬೇಕು ಅಂತ ನೋಡಿ ನರ್ಸುಗಳನ್ನು ಹಾಕಿ.

ನಾನು 31 ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತಳಾದವಳು. ಸೇರಿದಾಗ ಸ್ಟಾಫ್ ನರ್ಸ್. ಬಿಡುವ ಹೊತ್ತಿಗೆ ಹುದ್ದೆಯ ಹೆಸರು ಶುಶ್ರೂಷಾಧಿಕಾರಿ ಅಂತ ಆಗಿತ್ತು. ರೋಗಿಗಳಿಗೆ ಆಗಲೂ ಈಗಲೂ ಸಿಸ್ಟರ್. ಕೊನೆಯ ಒಂಬತ್ತು ವರ್ಷ ಹೆಂಗಸರ ಮೆಡಿಕಲ್ ವಾರ್ಡಿನ ಇನ್‌ಚಾರ್ಜ್ ಆಗಿದ್ದೆ. ಹಾಸಿಗೆ 30. ರೋಗಿಗಳು ಯಾವತ್ತೂ 30ಕ್ಕೆ ನಿಂತಿದ್ದಿಲ್ಲ.

ಎರಡು ರಾತ್ರಿಗಳ ಕಥೆ ಹೇಳುತ್ತೇನೆ. ಎರಡರ ನಡುವೆ ಒಂಬತ್ತು ದಿನದ ಅಂತರ. ಎರಡೂ ರಾತ್ರಿ 12 ಗಂಟೆಗೆ ರೋಗಿಗಳ ತಲೆ ಎಣಿಸುವ ಸೆನ್ಸಸ್‌ನಲ್ಲಿ ಬರೆದ ಅಂಕಿ 34. ಎರಡೂ ರಾತ್ರಿ ಡ್ಯೂಟಿಯಲ್ಲಿ ಇದ್ದವರು ಇಬ್ಬರು ಸಿಸ್ಟರ್‌ಗಳು.

ಮೊದಲ ರಾತ್ರಿ ಜ್ವರ ಇಳಿದವರೇ ಜಾಸ್ತಿ. ಅರ್ಧ ಜನ ಮಾರನೆ ದಿನದ ಡಿಸ್ಚಾರ್ಜ್‌ಗೆ ಕಾಯುತ್ತಿದ್ದರು. ಹತ್ತು ಗಂಟೆಯ ಇಂಜೆಕ್ಷನ್ ಮುಗಿಸಿ, ಡ್ಯೂಟಿಯ ಹುಡುಗಿಯರು ಬೆಳಿಗ್ಗೆ ಸ್ಟೋರಿನಿಂದ ತರಿಸಬೇಕಾದ್ದರ ಇಂಡೆಂಟ್ ಬರೆದಿಟ್ಟಿದ್ದರು. ಒಂದು ಲೋಟ ಚಹಾ ಕುಡಿಯಲೂ ಬಿಡುವು ಸಿಕ್ಕಿತ್ತಂತೆ.

ಎರಡನೆಯ ರಾತ್ರಿ ಹೊಲಕ್ಕೆ ಹೊಡೆಯುವ ಔಷಧಿ ಕುಡಿದ ಇಬ್ಬರು ಹೆಂಗಸರು ಬಂದರು. ಐಸಿಯುನಲ್ಲಿ ಜಾಗ ಇಲ್ಲ, ವಾರ್ಡಿಗೇ ಹಾಕಿದರು. ಆ ವಿಷ ಇಳಿಸುವ ಅಟ್ರೋಪಿನ್ ಇಂಜೆಕ್ಷನ್ ಕೊಡುವಾಗ ಶುರುವಿನಲ್ಲಿ ಐದೈದು ನಿಮಿಷಕ್ಕೆ ಕಣ್ಣಿನ ಪಾಪೆ ನೋಡಬೇಕು, ನಾಡಿ ನೋಡಬೇಕು, ಎದೆಯಲ್ಲಿ ನೀರಿನ ಸದ್ದು ಇದೆಯಾ ಅಂತ ಕೇಳಬೇಕು. ಇನ್ನೊಂದು ಹಾಸಿಗೆಯಲ್ಲಿ ಸಕ್ಕರೆ ವಿಪರೀತ ಏರಿ ಪ್ರಜ್ಞೆ ಮಸುಕಾದ ಹುಡುಗಿ. ಇನ್ಸುಲಿನ್ ಡ್ರಿಪ್, ಗಂಟೆಗೊಮ್ಮೆ ಬೆರಳು ಚುಚ್ಚಿ ಸಕ್ಕರೆ ನೋಡಬೇಕು. ಡೆಂಗ್ಯೂನಲ್ಲಿ ಜ್ವರ ಇಳಿಯುತ್ತಿದ್ದ ಮೂವರು. ಜ್ವರ ಇಳಿಯಿತು ಅಂತ ಮನೆಯವರು ಖುಷಿಪಡುವ ಹೊತ್ತಿಗೇ ಬಿಪಿ ಬೀಳುತ್ತದೆ, ಅದು ನಮಗೆ ಗೊತ್ತು. ಒಬ್ಬರಿಗೆ ರಕ್ತ ಹಾಕಬೇಕಿತ್ತು. ರಕ್ತ ಹಾಕಿದ ಮೊದಲ 15 ನಿಮಿಷ ಪಕ್ಕದಲ್ಲೇ ನಿಂತಿರಬೇಕು ಅಂತ ನಮಗೆ ಕಲಿಸಿದ್ದಾರೆ. ಇವರ ಜೊತೆಗೆ ಪಾರ್ಶ್ವವಾಯು ಹೊಡೆದ ಒಬ್ಬ ಅಜ್ಜಿ. ಜೊತೆಯಲ್ಲಿ ಯಾರೂ ಇಲ್ಲ. ಮಗ ಸೇರಿಸಿ ಹೋದವನು ತಿರುಗಿ ಬಂದಿರಲಿಲ್ಲ.

ಬೆಳಿಗ್ಗೆ ಅವರಿಂದ ಓವರ್ ತೆಗೆದುಕೊಂಡು ವಾರ್ಡು ವಹಿಸಿಕೊಂಡವಳು ನಾನು. ಔಷಧಿ ಕುಡಿದ ಇಬ್ಬರೂ ಉಳಿದಿದ್ದರು. ಸಕ್ಕರೆಯ ಹುಡುಗಿ ಕಣ್ಣುಬಿಟ್ಟಿದ್ದಳು. ಅಜ್ಜಿಯನ್ನು ಮಗ್ಗುಲು ತಿರುಗಿಸಿದಾಗ ಬೆನ್ನಿನ ಕೆಳಗೆ ಚರ್ಮ ಕೆಂಪಾಗಿ, ಒಂದು ಕಡೆ ಸುಲಿದಿತ್ತು. ರಾತ್ರಿ ಹತ್ತರಿಂದ ಆಕೆಯನ್ನು ಯಾರೂ ತಿರುಗಿಸಿರಲಿಲ್ಲ. ಒದ್ದೆಯಲ್ಲೇ ಮಲಗಿದ್ದಳು.

ಮೂರು ದಿನಕ್ಕೆ ಆ ಇಬ್ಬರು ಹುಡುಗಿಯರಿಗೆ ವಿವರಣೆ ಕೇಳಿ ಮೆಮೊ ಬಂತು. ಅದರ ಒಂದು ಸಾಲು ನನಗಿನ್ನೂ ನೆನಪಿದೆ: ವಾರ್ಡಿನಲ್ಲಿ ರೋಗಿಗಳ ಸಂಖ್ಯೆ ಎಂದಿನಂತೆಯೇ ಇದ್ದು, ಸಿಬ್ಬಂದಿಯೂ ಎಂದಿನಂತೆಯೇ ಇದ್ದರು. ಅದು ಸುಳ್ಳೂ ಅಲ್ಲ. 34, ಮತ್ತು ಇಬ್ಬರು. ಆ ರಾತ್ರಿ ಬೇರೆ ಥರ ಇತ್ತು ಅಂತ ತೋರಿಸಲು ನಮ್ಮ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ.

ಆಮೇಲೆ ನಾನು ಒಂದು 200 ಪುಟದ ನೋಟ್‌ಬುಕ್ ತಂದೆ. ವಾರ್ಡಿನಲ್ಲಿ ನಾವೆಲ್ಲ ಆಡುವ ಮಾತೇ ಇದೆಯಲ್ಲ, "ಇವತ್ತು ವಾರ್ಡ್ ತುಂಬಾ ಹೆವಿ" ಅಂತ. ಆ ಹೆವಿ ಅಂದರೆ ಎಷ್ಟು ಅಂತ ಬರೆಯೋಣ ಅಂದುಕೊಂಡೆ. ಓಡಾಡಿಕೊಂಡು ತಾವೇ ಊಟ ಮಾಡುವವರಿಗೆ 1. ಡ್ರಿಪ್, ಇಂಜೆಕ್ಷನ್ ಇದ್ದು, ಎದ್ದು ಕೂರಲು ಕೈ ಕೊಡಬೇಕಾದವರಿಗೆ 2. ಉಣಿಸುವುದು, ತಿರುಗಿಸುವುದು, ಒರೆಸುವುದು ಎಲ್ಲ ನಾವೇ ಮಾಡಬೇಕಾದವರಿಗೆ, ಇಲ್ಲವೇ ಗಂಟೆಗೊಮ್ಮೆ ನೋಡಲೇಬೇಕಾದವರಿಗೆ 3. ಬಿಟ್ಟು ಕದಲುವಂತಿಲ್ಲ ಅನ್ನುವವರಿಗೆ 4. ಒಂದು ಇಡೀ ರಾತ್ರಿಗೆ 1ರವರಿಗೆ 20 ನಿಮಿಷ, 2ರವರಿಗೆ 45, 3ರವರಿಗೆ 90, 4ರವರಿಗೆ ಆರು ಗಂಟೆ ಅಂತ ಅಂದಾಜು ಹಾಕಿದೆ. ಇದು ನನ್ನ ಕೈಯ ಅಂದಾಜು, ಸ್ಟಾಪ್‌ವಾಚ್ ಹಿಡಿದು ಅಳೆದದ್ದಲ್ಲ.

ಕೇಸ್ ಶೀಟ್ ನೋಡಿ ಆ ಎರಡು ರಾತ್ರಿಗಳ ಲೆಕ್ಕ ಹಾಕಿದೆ. ಮೊದಲ ರಾತ್ರಿ 24 ಜನ ಒಂದರವರು, 8 ಜನ ಎರಡರವರು, ಇಬ್ಬರು ಮೂರರವರು. ಒಟ್ಟು 17 ಗಂಟೆಯ ಕೆಲಸ. ಎರಡನೆಯ ರಾತ್ರಿ ಒಂದರವರು 9, ಎರಡರವರು 13, ಮೂರರವರು 9, ನಾಲ್ಕರವರು 3. ಒಟ್ಟು 44 ಗಂಟೆಗೂ ಮೇಲೆ. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಇಬ್ಬರು ಕೂರದೆ, ಉಣ್ಣದೆ ನಿಂತರೂ 24 ಗಂಟೆಯೇ ಆಗುವುದು. ಅಜ್ಜಿಯ ಬೆನ್ನು ಆ ಉಳಿದ 20 ಗಂಟೆಯಲ್ಲಿತ್ತು.

ಯಾವ ರೋಗಿಗೆ ಎಷ್ಟು ಆರೈಕೆ ಬೇಕು ಅನ್ನುವ ಈ ಅಳತೆಗೆ ಇಂಗ್ಲಿಷಿನಲ್ಲಿ ಪೇಷಂಟ್ ಅಕ್ಯುಯಿಟಿ ಅನ್ನುತ್ತಾರೆ ಅಂತ ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ನನ್ನ ತಂಗಿಯ ಮಗಳು ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ನನ್ನ ನೋಟ್‌ಬುಕ್ ನೋಡಿ ನಕ್ಕುಬಿಟ್ಟಳು. "ದೊಡ್ಡಮ್ಮಾ, ಇದನ್ನೇ ನಾವು ಅಲ್ಲಿ ದಿನಾ ಮಾಡ್ತೀವಿ" ಅಂದಳು. ಆಮೇಲೆ ನಾನೂ ಕೂತು ಓದಿದೆ.

ಓದಿದಾಗ ತಿಳಿಯಿತು, ಇದೇನೂ ಹೊಸದಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ 1960ರ ದಶಕದಲ್ಲೇ ರೋಗಿಗಳನ್ನು ಆರೈಕೆಯ ಅಗತ್ಯಕ್ಕೆ ತಕ್ಕಂತೆ ವಿಂಗಡಿಸಿ, ಯಾರಿಗೆ ಎಷ್ಟು ಹೊತ್ತು ಬೇಕು ಅಂತ ಅಳೆದಿದ್ದರು. ಐಸಿಯುಗೆ 1974ರಲ್ಲಿ, ರೋಗಿಗೆ ಏನೇನು ಚಿಕಿತ್ಸೆ ನಡೆದಿದೆ ಅಂತ ನೋಡಿ ಅಂಕ ಹಾಕುವ ಟಿಸ್ ಅನ್ನುವ ಪಟ್ಟಿ ಬಂತು. 2003ರಲ್ಲಿ ನರ್ಸಿನ ಕೆಲಸಗಳಿಗೇ ಅಂಕ ಹಾಕುವ ನರ್ಸಿಂಗ್ ಆಕ್ಟಿವಿಟೀಸ್ ಸ್ಕೋರ್ ಬಂತು. ಅದರ ಲೆಕ್ಕ ನನಗೆ ತುಂಬಾ ಹಿಡಿಸಿತು. 100 ಅಂಕ ಅಂದರೆ ಆ ರೋಗಿಗೆ ದಿನವಿಡೀ ಒಬ್ಬ ಪೂರ್ತಿ ನರ್ಸ್ ಬೇಕು ಅಂತ ಅರ್ಥ. ಕೆಲವರ ಅಂಕ 100 ದಾಟುತ್ತದೆ. ಅಂದರೆ ಒಬ್ಬರೂ ಸಾಲದು. ಮನೆಯವರ ಜೊತೆ ಮಾತಾಡುವುದು, ಕಾಗದಪತ್ರ ಬರೆಯುವುದು, ಇವಕ್ಕೂ ಅದರಲ್ಲಿ ಅಂಕ ಇದೆ.

ಇಂಗ್ಲೆಂಡಿನಲ್ಲಿ ಮಿಡ್ ಸ್ಟಾಫರ್ಡ್‌ಶೈರ್ ಅನ್ನುವ ಕಡೆಯ ಆಸ್ಪತ್ರೆಯಲ್ಲಿ ರೋಗಿಗಳಿಗೆ ನೀರು ಕೊಡುವವರೂ ಇಲ್ಲದ ಸ್ಥಿತಿ ಬಂದು, ದೊಡ್ಡ ವಿಚಾರಣೆ ನಡೆದು, 2013ರಲ್ಲಿ ವರದಿ ಬಂತು. ದುಡ್ಡು ಉಳಿಸಲು ನರ್ಸುಗಳನ್ನು ಕಡಿಮೆ ಮಾಡಿದ್ದೂ ಅದಕ್ಕೆ ಒಂದು ಕಾರಣವಾಗಿತ್ತು. ಮರುವರ್ಷವೇ, ಆರೋಗ್ಯ ಸೇವೆಗೆ ಮಾರ್ಗಸೂಚಿ ಹಾಕಿಕೊಡುವ ಅಲ್ಲಿನ ನೈಸ್ ಸಂಸ್ಥೆ ವಾರ್ಡಿನ ನರ್ಸುಗಳ ಬಗ್ಗೆ ಮಾರ್ಗಸೂಚಿ ತಂದಿತು. ಹಗಲು ಪಾಳಿಯಲ್ಲಿ ಒಬ್ಬ ನರ್ಸ್‌ಗೆ 8ಕ್ಕಿಂತ ಜಾಸ್ತಿ ರೋಗಿಗಳಾದರೆ ಅಪಾಯ ಹೆಚ್ಚು ಅಂತ ಹೇಳಿತು. ಕೆಂಪು ಬಾವುಟದ ಘಟನೆ ಅಂತಲೂ ಕೆಲವನ್ನು ಗುರುತಿಸಿತು. ನೋವಿನ ಔಷಧಿ 30 ನಿಮಿಷಕ್ಕಿಂತ ತಡವಾದರೆ ಕೆಂಪು ಬಾವುಟ. ಒಂದು ವಾರ್ಡಿನಲ್ಲಿ ಇಬ್ಬರಿಗಿಂತ ಕಡಿಮೆ ನರ್ಸ್ ಇದ್ದರೆ ಕೆಂಪು ಬಾವುಟ. ನಮ್ಮಲ್ಲಿ ಈ ಬಾವುಟ ಹಾರಿಸಲು ಶುರು ಮಾಡಿದರೆ ಬಟ್ಟೆ ಸಾಲದು, ಆ ಮಾತು ಬಿಡಿ.

ಇನ್ನೊಂದು ಅಧ್ಯಯನ 2002ರದ್ದು. ನರ್ಸಿಂಗ್ ಸಂಶೋಧಕಿ ಲಿಂಡಾ ಐಕೆನ್ ಮತ್ತು ಜೊತೆಯವರು ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಲೆಕ್ಕ ನೋಡಿದರು. ನರ್ಸ್ ಒಬ್ಬರ ಪಾಲಿಗೆ ಒಬ್ಬ ರೋಗಿ ಜಾಸ್ತಿಯಾದರೆ, ಆಪರೇಷನ್ ಆದವರು 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಏರುತ್ತಿತ್ತು. ಒಬ್ಬರಿಗೆ ನಾಲ್ಕೋ ಎಂಟೋ ಅನ್ನುವ ಜಾಗದ ಲೆಕ್ಕ ಇದು. ಒಬ್ಬರಿಗೆ 17 ಇರುವ ಕಡೆಯದಲ್ಲ.

ನಮ್ಮಲ್ಲಿ ನಿಯಮ ಇಲ್ಲ ಅಂತಲ್ಲ. ಎಲ್ಲಿಗೆ ಎಷ್ಟು ಸಿಬ್ಬಂದಿ ಬೇಕು ಅಂತ ನೋಡುವ ಕೇಂದ್ರದ ಸ್ಟಾಫ್ ಇನ್‌ಸ್ಪೆಕ್ಷನ್ ಯೂನಿಟ್ ಹಾಕಿಕೊಟ್ಟ ಲೆಕ್ಕದಲ್ಲಿ ಸಾಮಾನ್ಯ ವಾರ್ಡಿಗೆ 6 ಹಾಸಿಗೆಗೆ ಒಬ್ಬರು, ಐಸಿಯುಗೆ ಒಂದಕ್ಕೆ ಒಬ್ಬರು. ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕ ಇನ್ನೂ ಉದಾರವಾಗಿದೆ. ಆದರೆ ಮಂಜೂರಾದ ಹುದ್ದೆ ಬೇರೆ, ವಾರ್ಡಿನಲ್ಲಿ ನಿಂತ ಕಾಲು ಬೇರೆ. ಮೂರು ಪಾಳಿಯಲ್ಲೂ ವರ್ಷವಿಡೀ ಒಬ್ಬ ನರ್ಸ್ ವಾರ್ಡಿನಲ್ಲಿರಬೇಕು ಅಂದರೆ 1,095 ಡ್ಯೂಟಿ ಬೇಕು. ವಾರದ ರಜೆ, ನೈಟ್ ಆಫ್, ಗಳಿಕೆ ರಜೆ, ಹಬ್ಬ ಎಲ್ಲ ಕಳೆದರೆ ಒಬ್ಬರು ವರ್ಷಕ್ಕೆ ಮಾಡುವುದು 250ರ ಆಸುಪಾಸು. ಅಂದರೆ ಒಬ್ಬರು ನಿಂತಿರಬೇಕಾದರೆ ನಾಲ್ಕಕ್ಕೂ ಮೇಲೆ ಹುದ್ದೆ ಬೇಕು. ಇದರಲ್ಲಿ ಹೆರಿಗೆ ರಜೆ ಸೇರಿಲ್ಲ. ಖಾಲಿ ಹುದ್ದೆ ಸೇರಿಲ್ಲ. ನಿಯೋಜನೆ ಮೇಲೆ ಕಚೇರಿ ಕೆಲಸಕ್ಕೆ ಹೋದವರೂ ಸೇರಿಲ್ಲ.

ಈ ಎಲ್ಲ ನಿಯಮವೂ ಹಾಸಿಗೆ ಎಣಿಸುತ್ತದೆ. ಮಧ್ಯರಾತ್ರಿಯ ಸೆನ್ಸಸ್ ತಲೆ ಎಣಿಸುತ್ತದೆ. ಬೆಳಿಗ್ಗೆ ಒಬ್ಬರು ಡಿಸ್ಚಾರ್ಜ್, ಅದೇ ಹಾಸಿಗೆಗೆ ಮಧ್ಯಾಹ್ನ ಒಬ್ಬರು, ಅವರನ್ನು ಸಂಜೆ ಬೇರೆ ಕಡೆ ಕಳಿಸಿ ರಾತ್ರಿ ಮತ್ತೊಬ್ಬರು. ಮೂರು ಕೇಸ್ ಶೀಟ್, ಮೂರು ಸಲ ಹಾಸಿಗೆ ಬದಲಾವಣೆ, ಮೂರು ಮನೆಯವರಿಗೆ ಮೂರು ಸಲ ವಿವರಣೆ. ಸೆನ್ಸಸ್‌ನಲ್ಲಿ ಒಂದು.

ತಮಾಷೆ ಅಂದರೆ ರೋಗಿಗಳನ್ನು ವಿಂಗಡಿಸುವುದು ನಮಗೆ ಬಾರದ್ದೇನಲ್ಲ. ಕ್ಯಾಶುಯಲ್ಟಿ ಬಾಗಿಲಲ್ಲಿ ಕೆಂಪು, ಹಳದಿ, ಹಸಿರು ಮಾಡುತ್ತೇವೆ. ಕೋವಿಡ್ ಸಮಯದಲ್ಲಿ ಇಡೀ ರಾಜ್ಯವೇ ಆಮ್ಲಜನಕದ ಅಂಕಿ ಹಿಡಿದು ಕೂತಿತ್ತು. 94ರ ಮೇಲಿದ್ದರೆ ಒಂದು ಕಡೆ, 90ರಿಂದ 93 ಇನ್ನೊಂದು ಕಡೆ, 90ಕ್ಕಿಂತ ಕೆಳಗೆ ಐಸಿಯು. ಹಾಸಿಗೆಯನ್ನೂ ನರ್ಸುಗಳನ್ನೂ ಆ ಪ್ರಕಾರವೇ ಹಂಚಿದೆವು. ರೋಗಿ ಬಾಗಿಲು ದಾಟಿ ವಾರ್ಡಿಗೆ ಬಂದ ಕೂಡಲೇ ಮಾತ್ರ ಎಲ್ಲರೂ ಸರಿಸಮಾನರಾಗಿಬಿಡುತ್ತಾರೆ. ಇದ್ಯಾವ ನ್ಯಾಯ?

ನಾನು ಕೇಳುತ್ತಿರುವುದು ಇಷ್ಟು. ಒಂದು ಜಿಲ್ಲಾ ಆಸ್ಪತ್ರೆ, ಒಂದು ಮೆಡಿಕಲ್ ಕಾಲೇಜು ಆಸ್ಪತ್ರೆ ಆರಿಸಿಕೊಳ್ಳಿ. ಒಂದೊಂದರಲ್ಲೂ ನಾಲ್ಕೈದು ವಾರ್ಡು. ಮೂರು ತಿಂಗಳು ಪ್ರತಿ ಪಾಳಿಯಲ್ಲೂ ಪ್ರತಿ ರೋಗಿಗೂ ಒಂದು ಅಂಕ ಬರೆಯಲಿ. ಆ ಅಂಕ ನೋಡಿ ಮುಂದಿನ ಪಾಳಿಗೆ ಎಷ್ಟು ಜನ ಅಂತ ತೀರ್ಮಾನವಾಗಲಿ.

ಅಂಕ ಕೊಡುವವರು ಆ ವಾರ್ಡಿನ ನರ್ಸೇ ಆಗಿರಬೇಕು. ಕಚೇರಿಯಲ್ಲಿ ಕೂತವರಲ್ಲ. "ಎಲ್ಲರಿಗೂ 4 ಹಾಕಿಬಿಡ್ತಾರೆ" ಅಂತ ನೀವು ಅನ್ನಬಹುದು. ಕೆಲವರು ಹಾಕುತ್ತಾರೆ, ನಾನೇಕೆ ಸುಳ್ಳು ಹೇಳಲಿ. ಅದಕ್ಕೆ ಉಪಾಯ ಇದೆ. ವಾರಕ್ಕೊಂದು ಸಲ ಪಕ್ಕದ ವಾರ್ಡಿನ ಸಿಸ್ಟರ್ ಬಂದು ತಾವೇ ಅಂಕ ಹಾಕಲಿ, ಎರಡನ್ನೂ ತಾಳೆ ನೋಡಲಿ. ನಾನು ನನ್ನ ಜೂನಿಯರ್‌ಗಳ ಜೊತೆ ಹೀಗೆ ಮಾಡಿದಾಗ ಮೊದಮೊದಲು ಜಗಳವೇ ಆಯಿತು. ಯಾರು 2, ಯಾರು 3 ಅಂತ. ಎರಡು ವಾರಕ್ಕೆ ಎಲ್ಲರ ಕಣ್ಣೂ ಒಂದೇ ಹದಕ್ಕೆ ಬಂತು.

ಹೊರದೇಶದ ಪಟ್ಟಿಯನ್ನು ಹಾಗೇ ತಂದು ಇಲ್ಲಿ ಅಂಟಿಸಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಅಲ್ಲಿನ ಪಟ್ಟಿಯಲ್ಲಿ ರೋಗಿಯ ಜೊತೆಗಾರರು ಅನ್ನುವ ಕಾಲಂ ಇಲ್ಲ. ನಮ್ಮ ವಾರ್ಡು ನಡೆಯುತ್ತಿರುವುದೇ ಅವರಿಂದ. ಮಗಳು ಉಣಿಸುತ್ತಾಳೆ, ಸೊಸೆ ಬೆಡ್‌ಪ್ಯಾನ್ ಇಡುತ್ತಾಳೆ, ಗಂಡ ಡ್ರಿಪ್ ಖಾಲಿಯಾಯಿತು ಅಂತ ಓಡಿ ಬರುತ್ತಾನೆ. ಹಾಗಾಗಿ ನಮ್ಮಲ್ಲಿ ಒಂದೇ ಕಾಯಿಲೆಯ ಇಬ್ಬರು ಅಜ್ಜಿಯರಲ್ಲಿ ಒಬ್ಬರು 2, ಇನ್ನೊಬ್ಬರು 3. ವ್ಯತ್ಯಾಸ ಪಕ್ಕದಲ್ಲಿ ಕೂತ ಮಗಳದ್ದು. ನನ್ನ ನೋಟ್‌ಬುಕ್ಕಿನಲ್ಲಿ ಮೊದಲ ವಾರ ಆ ಕಾಲಂ ಇರಲಿಲ್ಲ. ಆ ಅಜ್ಜಿ ನೆನಪಾಗಿ ಆಮೇಲೆ ಗೆರೆ ಎಳೆದೆ.

ನೆಲದ ಮೇಲೆ ಮಲಗಿದವರಿಗೂ ಒಂದು ಕಾಲಂ ಬೇಕು. ಬಗ್ಗಿ ಕೂತು ಡ್ರಿಪ್‌ನ ಕ್ಯಾನುಲಾ ಹಾಕಿ ಎದ್ದು ನೋಡಿ, ಸೊಂಟ ಹೇಳುತ್ತದೆ. ಸ್ಕ್ಯಾನ್‌ಗೆ ಕರೆದುಕೊಂಡು ಹೋಗಲು ಗ್ರೂಪ್ ಡಿ ಸಿಗದೆ ಸಿಸ್ಟರೇ ಸ್ಟ್ರೆಚರ್ ತಳ್ಳಿದ ಮುಕ್ಕಾಲು ಗಂಟೆ, ಬ್ಲಡ್ ಬ್ಯಾಂಕಿಗೆ ಅಲೆದದ್ದು, ಆಯುಷ್ಮಾನ್ ಕಾರ್ಡಿನ ಕಾಗದಕ್ಕೆ ಕೂತದ್ದು, ಇವೂ ಬರಲಿ. ಆಗ ನರ್ಸಿನ ಎಷ್ಟು ಹೊತ್ತು ನರ್ಸಿಂಗ್ ಅಲ್ಲದ್ದಕ್ಕೆ ಹೋಗುತ್ತಿದೆ ಅನ್ನುವುದೂ ಕಾಣುತ್ತದೆ. ಬಹುಶಃ ಕೆಲವು ವಾರ್ಡಿಗೆ ಇನ್ನೊಬ್ಬ ನರ್ಸ್‌ಗಿಂತ ಇನ್ನೊಬ್ಬ ಆಯಾ ಕೊಟ್ಟರೆ ಜಾಸ್ತಿ ಉಪಕಾರವಾದೀತು.

ಇಷ್ಟು ಹಾಸಿಗೆಗೆ ಇಷ್ಟು ನರ್ಸ್ ಇರಲೇಬೇಕು ಅನ್ನುವ ಕನಿಷ್ಠ ಲೆಕ್ಕವನ್ನು ಮಾತ್ರ ಇಳಿಸಬೇಡಿ. ನನ್ನ ಮೊದಲ ರಾತ್ರಿಯ 17 ಗಂಟೆ ನೋಡಿ, "ಹಾಗಾದರೆ ಇಬ್ಬರು ಸಾಕಲ್ಲ" ಅಂತ ಯಾರಾದರೂ ಫೈಲಿನಲ್ಲಿ ಬರೆದಾರು ಅನ್ನುವ ಭಯ ನನಗಿದೆ. 1ರವರು ಅರ್ಧ ಗಂಟೆಯಲ್ಲಿ 4 ಆಗುತ್ತಾರೆ. ಒಬ್ಬರಿಗೆ ಸಿಪಿಆರ್ ಕೊಡುತ್ತಿದ್ದರೆ ಉಳಿದ 33 ಜನಕ್ಕೆ ಯಾರು? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1999ರಲ್ಲಿ ಕಾನೂನು ಮಾಡಿ, 2004ರಿಂದ ಜಾರಿಗೆ ತಂದರು. ಐಸಿಯುನಲ್ಲಿ ಇಬ್ಬರು ರೋಗಿಗೆ ಒಬ್ಬ ನರ್ಸ್, ಸಾಮಾನ್ಯ ವಾರ್ಡಿನಲ್ಲಿ 2005ರಿಂದ ಐವರಿಗೆ ಒಬ್ಬರು. ಇದು ಕೆಳಗಿನ ಗೆರೆ. ರೋಗಿಗಳ ಸ್ಥಿತಿಯ ಅಂಕ ಜಾಸ್ತಿ ಬಂದರೆ ಅದರ ಮೇಲೆ ಇನ್ನಷ್ಟು ಜನರನ್ನು ಹಾಕಲೇಬೇಕು. ಅಂಕ ಕಡಿಮೆ ಬಂತು ಅಂತ ಗೆರೆಯಿಂದ ಕೆಳಗೆ ಇಳಿಯುವ ಹಾಗಿಲ್ಲ. ನಮಗೂ ಅದೇ ಕ್ರಮ ಬೇಕು.

ಅಂಕ ಬಂದ ಮೇಲೆ ಜನ ಎಲ್ಲಿಂದ ಬರಬೇಕು ಅಂತ ನೀವು ಕೇಳುತ್ತೀರಿ. ಹಣಕಾಸು ಇಲಾಖೆಯವರು ಮೊದಲೇ ಕೇಳುತ್ತಾರೆ. ಅಂಕಪಟ್ಟಿ ನರ್ಸುಗಳನ್ನು ಹುಟ್ಟಿಸುವುದಿಲ್ಲ, ಒಪ್ಪುತ್ತೇನೆ. ಆದರೆ ಇರುವವರನ್ನು ಎಲ್ಲಿ ನಿಲ್ಲಿಸಬೇಕು ಅಂತ ಹೇಳುತ್ತದೆ. ಈ ಮಾತು ನನ್ನ ಜೊತೆಯವರಿಗೆ ಇಷ್ಟವಾಗಲಿಕ್ಕಿಲ್ಲ: ಬೆಳಗಿನ ಪಾಳಿಯಲ್ಲಿ ಆರು ಜನ ಇದ್ದು, ರಾತ್ರಿ ಇಬ್ಬರೇ ಇರುವ ವಾರ್ಡುಗಳಿವೆ. ಯಾವಾಗಲೂ ಹಗುರವಾಗಿದ್ದು, ಶಿಫಾರಸಿನ ಬಲದಿಂದ ಜನ ತುಂಬಿಕೊಂಡ ವಿಭಾಗಗಳೂ ಇವೆ. ಅಂಕ ಬರೆಯಲು ಶುರು ಮಾಡಿದರೆ ಅದೂ ಹೊರಗೆ ಬರುತ್ತದೆ. ಬರಲಿ.

ಹಾಗಂತ ಮಕ್ಕಳ ವಾರ್ಡಿನವಳನ್ನು ರಾತ್ರೋರಾತ್ರಿ ವೆಂಟಿಲೇಟರ್ ಮುಂದೆ ನಿಲ್ಲಿಸಬೇಡಿ. ಎರವಲು ಬಂದ ಸಿಸ್ಟರ್‌ಗೆ ಹೃದಯ ನಿಂತಾಗ ಕೊಡುವ ಅಡ್ರಿನಲಿನ್ ಯಾವ ಡ್ರಾಯರಿನಲ್ಲಿದೆ ಅಂತ ಗೊತ್ತಿರುವುದಿಲ್ಲ. ಪ್ರತಿ ಪಾಳಿಗೂ ನಾಲ್ಕೈದು ಜನರ ಒಂದು ತಂಡ ಇರಲಿ. ಅವರಿಗೆ ಮೂರ್ನಾಲ್ಕು ವಾರ್ಡಿನ ಕೆಲಸ ಮೊದಲೇ ಕಲಿಸಿರಲಿ. ರಾತ್ರಿ ಸೂಪರ್‌ವೈಸರ್ ಅಂಕ ನೋಡಿ ಅವರನ್ನು ಕಳಿಸಲಿ. ಕಳಿಸುವ ಅಧಿಕಾರ ಆಕೆಗೆ ಇರಲಿ. ಬೆಳಿಗ್ಗೆ ಹತ್ತಕ್ಕೆ ಸಾಹೇಬರು ಬಂದು ಸಹಿ ಹಾಕುವವರೆಗೆ ಕಾಯುವ ಹಾಗಿದ್ದರೆ ಅಂಕ ಬರೆದು ಏನು ಪ್ರಯೋಜನ?

ದಯವಿಟ್ಟು ಇದಕ್ಕೊಂದು 40 ಕಾಲಂಗಳ ಆ್ಯಪ್ ಮಾಡಿಸಬೇಡಿ. ನಮ್ಮ ವಾರ್ಡಿನಲ್ಲಿ ಆಗಲೇ ಬೇಕಾದಷ್ಟು ರಿಜಿಸ್ಟರ್ ಇದ್ದವು. ಆಮೇಲೆ ಅದೇ ಮಾಹಿತಿ ಕಂಪ್ಯೂಟರಿಗೂ ಹೋಗಬೇಕು ಅಂತಾಯಿತು. ಒಂದು ಹಾಳೆ, ಒಂದು ಪೆನ್ನು, ಹ್ಯಾಂಡ್‌ಓವರ್ ಮಾಡುವಾಗಲೇ ರೋಗಿಯ ಹೆಸರಿನ ಮುಂದೆ ಒಂದು ಅಂಕಿ. ನನ್ನ ಹುಡುಗಿಯರು 34 ಜನಕ್ಕೆ ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದರು.

ಮತ್ತೆ ಕೊನೆಯದಾಗಿ ಆ ಮೆಮೊ. ಅಂಕ ನೋಡಿದರೆ ನಾಲ್ವರು ಬೇಕು, ಇರುವುದು ಇಬ್ಬರು. ಹೀಗಾದ ರಾತ್ರಿ ಆ ಹಾಳೆಯ ಕೆಳಗೆ ನರ್ಸಿಂಗ್ ಸೂಪರಿಂಟೆಂಡೆಂಟ್ ಮತ್ತು ವೈದ್ಯಕೀಯ ಅಧೀಕ್ಷಕರ ಸಹಿ ಬೀಳಲಿ: ಇಬ್ಬರು ಕಡಿಮೆ ಇದ್ದರು, ಕಳಿಸಲು ಆಗಲಿಲ್ಲ ಅಂತ. ಆ ಹಾಳೆ ತೆಗೆದು ನೋಡದೆ ಯಾವ ನರ್ಸ್‌ಗೂ ವಿವರಣೆ ಕೇಳಬಾರದು ಅಂತ ಒಂದು ಸುತ್ತೋಲೆ ಹೊರಡಿಸಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಹೊಸ ಹುದ್ದೆ ಬೇಡ. ನಾಳೆಯೇ ಮಾಡಬಹುದು.

ಮೆಮೊ ಬಂದ ಇಬ್ಬರಲ್ಲಿ ಒಬ್ಬಳು ಗುತ್ತಿಗೆಯವಳು. ಆ ವರ್ಷವೇ ಕೆಲಸ ಬಿಟ್ಟು ದುಬೈಗೆ ಹೋದಳು. ಇನ್ನೊಬ್ಬಳು ಈಗಲೂ ಅದೇ ವಾರ್ಡಿನಲ್ಲಿದ್ದಾಳೆ. ಮೊನ್ನೆ ಫೋನ್ ಮಾಡಿದಾಗ ರಾತ್ರಿ ಡ್ಯೂಟಿಯಲ್ಲಿದ್ದಳು. ಎಷ್ಟು ಜನ ಅಂತ ಕೇಳಿದೆ. 37 ಅಂದಳು, ಆಮೇಲೆ ತಾನಾಗಿಯೇ, "ನಾಲ್ಕರವರು ಇಬ್ಬರು, ಸಿಸ್ಟರ್" ಅಂತ ಸೇರಿಸಿದಳು.

ನನ್ನ ನೋಟ್‌ಬುಕ್ ಇನ್ನೂ ಮನೆಯಲ್ಲಿದೆ. ಏಳು ತಿಂಗಳ ಅಂಕ ಇದೆ. ರೋಗಿಗಳ ಹೆಸರು ಬರೆದಿಲ್ಲ, ಹಾಸಿಗೆ ನಂಬರ್ ಮಾತ್ರ. ನಿಮ್ಮ ಇಲಾಖೆಯಿಂದ ಯಾರಾದರೂ ಕೇಳಿದರೆ ಜೆರಾಕ್ಸ್ ಮಾಡಿಸಿ ಕೊಡುತ್ತೇನೆ. ಅಕ್ಷರ ಅಷ್ಟು ಚೆನ್ನಾಗಿಲ್ಲ, ಪಕ್ಕದಲ್ಲಿ ಕೂತು ಓದಿ ಹೇಳಲೂ ತಯಾರಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ವಾರ್ಡ್ ಇನ್‌ಚಾರ್ಜ್ ಸಿಸ್ಟರ್